ಮೆಕ್‌ಡೊನಾಲ್ಡ್ಸ್ ಶುರುವಾದದ್ದು 1940, 1948, 1955: ಯಾವುದು ಸರಿ? ಸ್ಥಾಪಕರು ಅಂತ ಯಾರ ಹೆಸರು ಹಾಕಬೇಕು?

ಕರಡು ತಿದ್ದುವವ:

ನಮಸ್ಕಾರ. ಪಿಯುಸಿ ವಾಣಿಜ್ಯ ಓದುವ ಮಕ್ಕಳಿಗಾಗಿ ಅಮೆರಿಕದ ಹೆಸರಾಂತ ಕಂಪನಿಗಳ ಹುಟ್ಟಿನ ಬಗ್ಗೆ ಒಂದು ಕಿರುಹೊತ್ತಗೆ ಬರುತ್ತಿದೆ. ಅದರ ಕರಡು ನನ್ನ ಕೈಯಲ್ಲಿದೆ. ಮೆಕ್‌ಡೊನಾಲ್ಡ್ಸ್ ಅಧ್ಯಾಯದ ಮೊದಲ ಪುಟದಲ್ಲಿ “ಸ್ಥಾಪನೆ: 1940” ಅಂತಿದೆ, ಮೂರನೇ ಪುಟದಲ್ಲಿ “1955ರಲ್ಲಿ ರೇ ಕ್ರಾಕ್ ಸ್ಥಾಪಿಸಿದರು” ಅಂತಿದೆ, ಕೊನೆಯ ಅಭ್ಯಾಸದ ಪ್ರಶ್ನೆಯಲ್ಲಿ 1948 ಬಂದಿದೆ. ಬರೆದವರು ಮೂರಕ್ಕೂ ಆಧಾರ ಇದೆ ಅನ್ನುತ್ತಾರೆ.

ಆ ಮೂರು ಇಸವಿಗಳಲ್ಲಿ ನಿಜಕ್ಕೂ ಏನೇನಾಯಿತು? ಕರಡು “ಹೊಸ ವೇಗದ ಪದ್ಧತಿ” ಅಂತ ಮೂರೇ ಪದದಲ್ಲಿ ಮುಗಿಸಿದೆ; ಅದರೊಳಗೆ ಹೊಸದೇನಿತ್ತು? ಮೆಕ್‌ಡೊನಾಲ್ಡ್ ಸಹೋದರರು 27 ಲಕ್ಷ ಡಾಲರ್‌ಗೆ ಎಲ್ಲವನ್ನೂ ಮಾರಿ “ಮೋಸ ಹೋದರು” ಅಂತಲೂ ಬರೆದಿದ್ದಾರೆ. ಲೆಕ್ಕ ಅದನ್ನು ಒಪ್ಪುತ್ತದೆಯೇ? ಸಿನಿಮಾ ಕಥೆ ಬೇಡ, ಅಂಕಿ ಮತ್ತು ವಿಧಾನ ಗೊತ್ತಿರುವವರು ಹೇಳಿ.

ಒಲೆ ಮುಂದೆ:

ಮೂರೂ ಇಸವಿ ಸರಿ. 1940 ಒಂದು ಹೋಟೆಲಿಗೆ ಸೇರಿದ್ದು, 1948 ಒಂದು ಅಡುಗೆಮನೆಗೆ, 1955 ಒಂದು ಕಂಪನಿಗೆ. ನಾನು ಮೊದಲೆರಡನ್ನು ಹೇಳುತ್ತೇನೆ, ಕಂಪನಿಯ ವಿಷಯ ಕಾಗದಪತ್ರ ಬಲ್ಲವರು ಹೇಳಲಿ.

ಮಾರಿಸ್ ಅಣ್ಣ, ರಿಚರ್ಡ್ ತಮ್ಮ; ಎಲ್ಲರೂ ಕರೆಯುತ್ತಿದ್ದದ್ದು ಮ್ಯಾಕ್, ಡಿಕ್ ಅಂತ. ಊರು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್. 1920ರ ದಶಕದ ಕೊನೆಯಲ್ಲಿ ಕೆಲಸ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಬಂದರು. 1937ರಲ್ಲಿ ಮನ್ರೋವಿಯಾ ವಿಮಾನ ನಿಲ್ದಾಣದ ಹತ್ತಿರ ಈ ಕುಟುಂಬದ ಒಂದು ತಿಂಡಿ ಅಂಗಡಿ ಇತ್ತು, ಹೆಸರು ಏರ್‌ಡ್ರೋಮ್. 1940ರ ಮೇ ತಿಂಗಳಲ್ಲಿ ಸ್ಯಾನ್ ಬರ್ನಾರ್ಡಿನೊದಲ್ಲಿ, 14ನೇ ರಸ್ತೆ ಮತ್ತು ಇ ರಸ್ತೆ ಕೂಡುವ ಮೂಲೆಯಲ್ಲಿ, ಸಹೋದರರು ಬಾರ್ಬೆಕ್ಯೂ ಹೋಟೆಲ್ ತೆರೆದರು. ಗಿರಾಕಿ ಕಾರಿನಲ್ಲೇ ಕೂತಿರುತ್ತಾನೆ, ಕಾರ್‌ಹಾಪ್ ಅನ್ನುವ ಹುಡುಗಿಯರು ಟ್ರೇ ತಂದು ಕೊಡುತ್ತಾರೆ. ಮೆನುವಿನಲ್ಲಿ ಸುಮಾರು 25 ಬಗೆ. ಅಂದಿನ ಕ್ಯಾಲಿಫೋರ್ನಿಯಾದಲ್ಲಿ ಇಂಥವು ಬೇಕಾದಷ್ಟಿದ್ದವು. ಅಂದರೆ 1940ರಲ್ಲಿ ಹೊಸದು ಅನ್ನುವಂಥದ್ದು ಏನೂ ಇರಲಿಲ್ಲ. ಹೋಟೆಲ್ ಚೆನ್ನಾಗಿ ನಡೆಯುತ್ತಿತ್ತು, ಅಷ್ಟೇ.

ಹಣ ಸೋರುತ್ತಿದ್ದ ಜಾಗಗಳು ಮೂರು: ಒಡೆದು ಹೋಗುವ, ಕಳುವಾಗುವ ಪಿಂಗಾಣಿ ಮತ್ತು ಚಮಚ, ಪದೇಪದೇ ಬಿಟ್ಟುಹೋಗುವ ಅಡುಗೆಯವರು, ಕಾರ್‌ಹಾಪ್‌ಗಳು, ಕಡಿಮೆ ತಿಂದು ಹೆಚ್ಚು ಹೊತ್ತು ಕಾರು ನಿಲ್ಲಿಸಿಕೊಳ್ಳುವ ಹರೆಯದ ಹುಡುಗರ ಗುಂಪು. ಬಿಲ್ ಚೀಟಿಗಳನ್ನು ತೆಗೆದು ನೋಡಿದರೆ ಮಾರಾಟದ ಸುಮಾರು ಶೇ. 80 ಹ್ಯಾಂಬರ್ಗರ್‌ನದೇ. 1948ರ ಶರತ್ಕಾಲದಲ್ಲಿ, ಲಾಭದಲ್ಲಿದ್ದ ಹೋಟೆಲನ್ನು ಮೂರು ತಿಂಗಳು ಮುಚ್ಚಿ, ಡಿಸೆಂಬರ್‌ನಲ್ಲಿ ಮತ್ತೆ ತೆರೆದರು. ಬದಲಾದದ್ದು ಇಷ್ಟು:

ಮೆನು ಒಂಬತ್ತಕ್ಕೆ ಇಳಿಯಿತು: ಹ್ಯಾಂಬರ್ಗರ್, ಚೀಸ್‌ಬರ್ಗರ್, ಒಂದೇ ಅಳತೆಯಲ್ಲಿ ಮೂರು ಬಗೆಯ ತಂಪು ಪಾನೀಯ, ಹಾಲು, ಕಾಫಿ, ಚಿಪ್ಸ್, ಪೈ. 30 ಸೆಂಟ್ ಇದ್ದ ಬರ್ಗರ್ 15 ಸೆಂಟ್ ಆಯಿತು, ಚೀಸ್ ಇದ್ದರೆ 19. ಪ್ಯಾಟಿ (ಬರ್ಗರ್ ಒಳಗಿನ ಮಾಂಸದ ಬಿಲ್ಲೆ) ಒಂದು ಪೌಂಡಿಗೆ ಎಂಟರ ಬದಲು ಹತ್ತು, ಅಂದರೆ ಒಂದೊಂದು ಸುಮಾರು 45 ಗ್ರಾಂ. ತಟ್ಟೆ ಹೋಗಿ ಕಾಗದದ ಚೀಲ, ಕಾಗದದ ಲೋಟ ಬಂತು. ಅದರೊಂದಿಗೆ ಪಾತ್ರೆ ತೊಳೆಯುವ ಕೆಲಸವೂ ಹೋಯಿತು. ಕಾರ್‌ಹಾಪ್‌ಗಳು ಹೋಗಿ ಗಿರಾಕಿ ಕಿಟಕಿಗೆ ಬರುವಂತಾಯಿತು. ಒಳಗೆ ಹಳೆಯ ಸಣ್ಣ ಕಾವಲಿಯ ಜಾಗಕ್ಕೆ ಹೇಳಿ ಮಾಡಿಸಿದ ಆರಡಿಯ ಎರಡು ಗ್ರಿಲ್ ಬಂದವು. ಎಡ್ ಟೋಮನ್ ಅನ್ನುವ ಸ್ಥಳೀಯ ಕುಶಲಕರ್ಮಿ 24 ಬನ್ ಹಿಡಿಯುವ ತಿರುಗುವ ತಟ್ಟೆಯನ್ನೂ, ಒಂದು ಸಲ ಒತ್ತಿದರೆ ಒಂದೇ ಪ್ರಮಾಣದ ಕೆಚಪ್ ಅಥವಾ ಸಾಸಿವೆ ಬೀಳುವ ಪಂಪನ್ನೂ ಮಾಡಿಕೊಟ್ಟ.

ಮುಖ್ಯವಾದದ್ದು ಕೆಲಸದ ಹಂಚಿಕೆ. ಮುಂದೆ ಫ್ರೈಸ್, ಮಿಲ್ಕ್‌ಶೇಕ್ ಸೇರಿದ ಮೇಲೆ ಮಾಮೂಲಿ ಪಾಳಿ ಹನ್ನೆರಡು ಜನ: ಗ್ರಿಲ್‌ಗೆ ಮೂವರು, ಮಿಲ್ಕ್‌ಶೇಕ್‌ಗೆ ಇಬ್ಬರು, ಫ್ರೈಸ್‌ಗೆ ಇಬ್ಬರು, ಬನ್ ಅಲಂಕರಿಸಿ ಸುತ್ತಲು ಇಬ್ಬರು, ಕಿಟಕಿಯಲ್ಲಿ ಮೂವರು. ಎಲ್ಲ ಬಲ್ಲ ಅಡುಗೆ ಭಟ್ಟರ ಅಗತ್ಯವೇ ಬೀಳಲಿಲ್ಲ. ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಆದದ್ದರಿಂದ ಹೊಸಬರನ್ನು ಬೇಗ ತಯಾರು ಮಾಡಬಹುದಿತ್ತು, ಯಾರಾದರೂ ಬಿಟ್ಟುಹೋದರೂ ಪಾಳಿ ನಿಲ್ಲುತ್ತಿರಲಿಲ್ಲ. ಕೆಚಪ್, ಸಾಸಿವೆ, ಈರುಳ್ಳಿ, ಎರಡು ತುಂಡು ಉಪ್ಪಿನಕಾಯಿ ಸೌತೆ: ಎಲ್ಲರಿಗೂ ಇದೇ. ಈರುಳ್ಳಿ ಬೇಡ ಅಂದವರು ಕಾಯಬೇಕಿತ್ತು, ಏಕೆಂದರೆ ಒಬ್ಬರಿಗಾಗಿ 24 ಬನ್‌ನ ತಟ್ಟೆ ನಿಲ್ಲಿಸಿದರೆ ಹಿಂದಿನ ಗ್ರಿಲ್‌ನಲ್ಲಿ ಪ್ಯಾಟಿ ಒಣಗುತ್ತದೆ, ಮುಂದಿನ ಕಿಟಕಿಯಲ್ಲಿ ಸಾಲು ಬೆಳೆಯುತ್ತದೆ.

ಇಲ್ಲೊಂದು ಸೂಚನೆ. ದರ್ಶಿನಿಯಲ್ಲಿ ಚೀಟಿ ಕೊಟ್ಟು ನಿಂತು ತಿನ್ನುವ ನಮ್ಮ ಮಕ್ಕಳಿಗೆ ಸೆಲ್ಫ್ ಸರ್ವಿಸ್ ಹೊಸದಲ್ಲ. ಆದರೆ ದರ್ಶಿನಿಯಲ್ಲಿ ಮಸಾಲೆ ದೋಸೆ ಹುಯ್ಯುವುದು ಚೀಟಿ ಬಂದ ಮೇಲೆ. ಇವರಲ್ಲಿ ಗಿರಾಕಿ ಬಾಯಿ ಬಿಡುವ ಮೊದಲೇ ಬರ್ಗರ್ ಸುತ್ತಿ ಇಟ್ಟಿರುತ್ತಿತ್ತು. ಕರಡಿನಲ್ಲಿ ಬರಬೇಕಾದ ಹೊಸತನ ಇದು.

ಕೆಲವು ವರ್ಷಗಳ ನಂತರ ಹೊಸ ಕಟ್ಟಡ ಕಟ್ಟುವಾಗ ಅಡುಗೆಮನೆಯ ನಕ್ಷೆಯನ್ನು ಮನೆಯ ಟೆನಿಸ್ ಅಂಗಳದ ಮೇಲೆ ಸೀಮೆಸುಣ್ಣದಲ್ಲಿ ನಿಜವಾದ ಅಳತೆಗೇ ಬರೆದು, ರಾತ್ರಿ ಪಾಳಿಯ ಹುಡುಗರನ್ನು ಅದರ ಮೇಲೆ ಓಡಾಡಿಸಿ, ಯಾರು ಯಾರಿಗೆ ಅಡ್ಡ ಬರುತ್ತಾರೆ ಅಂತ ನೋಡಿದ್ದು ಕಟ್ಟುಕಥೆಯಲ್ಲ. ಕಾಗದಕ್ಕೆ ಇಳಿಸುವ ಮೊದಲು ಮಳೆ ಬಂದು ಅಳಿಸಿತು, ಮತ್ತೆ ಬರೆದರು.

1948ರ ಮರು ಆರಂಭ ಮಾತ್ರ ಸೋಲು. ಕಾರಿನಲ್ಲೇ ಕೂತು ಹಾರ್ನ್ ಹೊಡೆದರು, ಯಾರೂ ಬರದಿದ್ದಾಗ ಹೊರಟುಹೋದರು. ಕೆಲವು ತಿಂಗಳ ನಂತರ ಕುಟುಂಬಗಳು, ಕೂಲಿ ಕೆಲಸದವರು ಬರತೊಡಗಿದರು. 1949ರಲ್ಲಿ ಚಿಪ್ಸ್ ಮತ್ತು ಪೈ ಬದಲು 10 ಸೆಂಟಿನ ಫ್ರೈಸ್, ಜೊತೆಗೆ ಮಿಲ್ಕ್‌ಶೇಕ್ ಬಂದ ಮೇಲೆ ಸಾಲು ನಿಲ್ಲಲೇ ಇಲ್ಲ.

ಕರಡಿನಲ್ಲಿ “ಜಗತ್ತಿನ ಮೊದಲ ಫಾಸ್ಟ್‌ಫುಡ್” ಅಂತ ಇದ್ದರೆ ಹೊಡೆದು ಹಾಕಿ. ಕಾನ್ಸಾಸ್ ರಾಜ್ಯದ ವಿಚಿಟಾದಲ್ಲಿ ವೈಟ್ ಕ್ಯಾಸಲ್ 1921ರಲ್ಲೇ 5 ಸೆಂಟಿಗೆ ಬರ್ಗರ್ ಮಾರುತ್ತಿತ್ತು.

ಕರಾರುಪತ್ರ:

ಮೇಲಿನವರು ಬಿಟ್ಟಲ್ಲಿಂದ ಮುಂದುವರಿಸುತ್ತೇನೆ. ಒಂದು ತಪ್ಪು ಕಲ್ಪನೆ ಮೊದಲು ಹೋಗಲಿ: ಫ್ರಾಂಚೈಸಿ (ಹಣ ಪಡೆದು ತಮ್ಮ ಹೆಸರು, ಪದ್ಧತಿ ಬಳಸಲು ಬೇರೆಯವರಿಗೆ ಹಕ್ಕು ಕೊಡುವುದು) ಅನ್ನುವುದು ಕ್ರಾಕ್ ತಂದ ಯೋಚನೆ ಅಲ್ಲ. ಸಹೋದರರು 1953ರಲ್ಲೇ ಅರಿಜೋನಾದ ಫೀನಿಕ್ಸ್‌ನಲ್ಲಿ ನೀಲ್ ಫಾಕ್ಸ್ ಎಂಬವರಿಗೆ 1,000 ಡಾಲರ್ ಪಡೆದು ಪದ್ಧತಿ ಕೊಟ್ಟಿದ್ದರು. ಹಳದಿ ಕಮಾನುಗಳ ಕಟ್ಟಡವೂ ಕ್ರಾಕ್‌ಗಿಂತ ಹಿಂದಿನದು: ಯೋಚನೆ ಡಿಕ್‌ದು, ನಕ್ಷೆ ವಾಸ್ತುಶಿಲ್ಪಿ ಸ್ಟ್ಯಾನ್ಲಿ ಮೆಸ್ಟನ್‌ರದು. ಸಹೋದರರು ಮಾಡದೆ ಬಿಟ್ಟದ್ದು ಮೇಲ್ವಿಚಾರಣೆ. ಹಣ ಪಡೆದು ನಕ್ಷೆ ಕೊಟ್ಟು ಸುಮ್ಮನಾಗುತ್ತಿದ್ದರು. ಪಡೆದವರು ತಮಗೆ ತೋಚಿದ್ದನ್ನೆಲ್ಲ ಮೆನುವಿಗೆ ಸೇರಿಸಿ, ಬೆಲೆ ಏರಿಸಿ, ಪದ್ಧತಿಯನ್ನೇ ಕೆಡಿಸುತ್ತಿದ್ದರು.

ರೇ ಕ್ರಾಕ್ ಮಾರುತ್ತಿದ್ದದ್ದು ಮಲ್ಟಿಮಿಕ್ಸರ್ ಅನ್ನುವ, ಐದು ಕಡ್ಡಿಗಳ ಮಿಲ್ಕ್‌ಶೇಕ್ ಯಂತ್ರ. ಸ್ಯಾನ್ ಬರ್ನಾರ್ಡಿನೊದ ಒಂದೇ ಅಂಗಡಿಯಲ್ಲಿ ಅಂಥ ಎಂಟು ಇದ್ದವು, ಅಂದರೆ ಒಟ್ಟಿಗೆ 40 ಶೇಕ್. ಅಷ್ಟು ಯಾರಿಗೆ ಬೇಕು ಅಂತ ನೋಡಲು 1954ರಲ್ಲಿ ಹೋದರು. ದೇಶವ್ಯಾಪಿ ಹಕ್ಕಿನ ಏಜೆಂಟರಾಗಿ ಮರಳಿದರು. 1955ರ ಮಾರ್ಚ್‌ನಲ್ಲಿ ಮೆಕ್‌ಡೊನಾಲ್ಡ್ಸ್ ಸಿಸ್ಟಮ್ ಎಂಬ ಕಂಪನಿ ನೋಂದಣಿಯಾಯಿತು, ಏಪ್ರಿಲ್ 15ರಂದು ಇಲಿನಾಯ್ ರಾಜ್ಯದಲ್ಲಿ ಷಿಕಾಗೊ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ ಅಂಗಡಿ ತೆರೆಯಿತು. ಮೊದಲ ದಿನದ ಮಾರಾಟ 366 ಡಾಲರ್ 12 ಸೆಂಟ್. ಕ್ರಾಕ್‌ಗೆ ಅದು ಮೊದಲನೆಯದು. ಮೆಕ್‌ಡೊನಾಲ್ಡ್ಸ್ ಹೆಸರಿನಲ್ಲಿ ಒಂಬತ್ತನೆಯದು. “1955ರಲ್ಲಿ ಮೊದಲ ಮೆಕ್‌ಡೊನಾಲ್ಡ್ಸ್” ಅನ್ನುವ ತಪ್ಪು ಹುಟ್ಟಿದ್ದೇ ಇಲ್ಲಿಂದ.

ಈಗ ಕರಾರು. ಹೊಸ ಫ್ರಾಂಚೈಸಿ (ಹಕ್ಕು ಪಡೆದವರನ್ನೂ ಹೀಗೇ ಕರೆಯುತ್ತಾರೆ) 950 ಡಾಲರ್ ಶುಲ್ಕ ಕಟ್ಟಬೇಕು, ಆಮೇಲೆ ಮಾರಾಟದ ಶೇ. 1.9 ಕೊಡುತ್ತಾ ಹೋಗಬೇಕು. ಆ 1.9ರಲ್ಲಿ 0.5 ಸಹೋದರರಿಗೆ, 1.4 ಕ್ರಾಕ್‌ಗೆ. ವರ್ಷಕ್ಕೆ 2 ಲಕ್ಷ ಡಾಲರ್ ಮಾರುವ ಅಂಗಡಿ ಅಂತ ಇಟ್ಟುಕೊಳ್ಳಿ: ಒಟ್ಟು 3,800, ಸಹೋದರರಿಗೆ 1,000, ಕ್ರಾಕ್‌ಗೆ 2,800. ಆ 2,800ರಲ್ಲೇ ಜಾಗ ಹುಡುಕುವುದು, ತರಬೇತಿ, ತಪಾಸಣೆ, ಪ್ರಯಾಣ, ಕಚೇರಿ ಎಲ್ಲ ಆಗಬೇಕು. ಅಂಗಡಿ ಹೆಚ್ಚಿದಷ್ಟೂ ಖರ್ಚು ಹೆಚ್ಚು. ಸಹೋದರರ 1,000ಕ್ಕೆ ಖರ್ಚೇ ಇಲ್ಲ. ಜಗಳದ ಬೀಜ ಇರುವುದು ಈ ಭಾಗಾಕಾರದಲ್ಲಿ. ಸ್ವಭಾವದ ಮಾತು ಆಮೇಲೆ.

ಇನ್ನೆರಡು ತೊಡಕು. ಕಟ್ಟಡದಲ್ಲಿ ಏನೇ ಬದಲಾವಣೆಗೂ ಸಹೋದರರ ಸಹಿ ಇರುವ ರಿಜಿಸ್ಟರ್ಡ್ ಪತ್ರ ಬೇಕು ಅಂತ ಕರಾರು. ಮೆಸ್ಟನ್ ನಕ್ಷೆ ಕ್ಯಾಲಿಫೋರ್ನಿಯಾದ ಹವೆಗೆ ಬರೆದದ್ದು, ನೆಲಮಾಳಿಗೆ ಇಲ್ಲ. ಷಿಕಾಗೊ ಚಳಿಗೆ ಕಟ್ಟಡ ಬಿಸಿ ಮಾಡುವ ಕುಲುಮೆ ಬೇಕು, ಅದಕ್ಕೆ ನೆಲಮಾಳಿಗೆ ಬೇಕು. ಫೋನಿನಲ್ಲಿ “ಆಗಲಿ” ಅಂದವರು ಪತ್ರ ಕಳಿಸಲಿಲ್ಲ. ಹಾಗಾಗಿ ಮೊದಲ ಅಂಗಡಿಯಿಂದಲೇ ಕ್ರಾಕ್ ಕಾಗದದ ಮೇಲೆ ಕರಾರು ಮುರಿದವರು. ಇನ್ನೊಂದು: ಡೆಸ್ ಪ್ಲೇನ್ಸ್ ಇರುವ ಕುಕ್ ಕೌಂಟಿಯ ಹಕ್ಕನ್ನು ಸಹೋದರರು ಅದಕ್ಕೂ ಮೊದಲೇ ಒಂದು ಐಸ್‌ಕ್ರೀಮ್ ಕಂಪನಿಗೆ 5,000 ಡಾಲರ್‌ಗೆ ಮಾರಿದ್ದರು. ಅದನ್ನು ಬಿಡಿಸಿಕೊಳ್ಳಲು ಕ್ರಾಕ್ 25,000 ತೆರಬೇಕಾಯಿತು.

ಕಂಪನಿಯನ್ನು ಉಳಿಸಿದ್ದು ಬರ್ಗರ್ ಅಲ್ಲ, ಬಾಡಿಗೆ. ಈ ಉಪಾಯ ಕ್ರಾಕ್ ಕಂಪನಿಯ ಹಣಕಾಸು ನೋಡುತ್ತಿದ್ದ ಹ್ಯಾರಿ ಸೊನ್ನೆಬಾರ್ನ್‌ರದು. 1956ರಲ್ಲಿ ಇದಕ್ಕಾಗಿಯೇ ಫ್ರಾಂಚೈಸ್ ರಿಯಾಲ್ಟಿ ಕಾರ್ಪೊರೇಷನ್ ಹುಟ್ಟಿತು. ಕಂಪನಿ ಜಾಗದ ಒಡೆಯನಿಂದ ದೀರ್ಘಾವಧಿ ಲೀಸ್ ಪಡೆಯುತ್ತದೆ. ಅದನ್ನೇ ಫ್ರಾಂಚೈಸಿಗೆ ಒಳಬಾಡಿಗೆಗೆ ಕೊಡುತ್ತದೆ: ತಾನು ಕಟ್ಟುವುದಕ್ಕಿಂತ ಮೊದಮೊದಲು ಶೇ. 20, ಆಮೇಲೆ 40 ಹೆಚ್ಚು, ಅಥವಾ ಮಾರಾಟದ ಶೇ. 5, ಎರಡರಲ್ಲಿ ಯಾವುದು ದೊಡ್ಡದೋ ಅದು. ತಿಂಗಳಿಗೆ 600 ಡಾಲರ್ ಬಾಡಿಗೆಯ ಜಾಗ ಅಂದುಕೊಳ್ಳಿ. 840 ಅಂತೂ ಖಾತ್ರಿ. ವರ್ಷದ ಮಾರಾಟ 3 ಲಕ್ಷ ಆದರೆ ಶೇ. 5 ಅಂದರೆ 15,000, ತಿಂಗಳಿಗೆ 1,250. ಒಡೆಯನಿಗೆ ಕೊಟ್ಟು 650 ಉಳಿಯಿತು. ವರ್ಷಕ್ಕೆ 7,800. ಅದೇ ಮಾರಾಟದ ಶೇ. 1.4 ಬರೀ 4,200. ಈ ಬಾಡಿಗೆಯಲ್ಲಿ ಸಹೋದರರಿಗೆ ಪಾಲಿಲ್ಲ ಅನ್ನುವುದನ್ನು ಗಮನಿಸಿ. ಹಣಕ್ಕಿಂತ ಹೆಚ್ಚಿನದೊಂದು ಇದೆ: ಕೊಳಕು ಅಡುಗೆಮನೆ ಇಟ್ಟುಕೊಂಡ ಫ್ರಾಂಚೈಸಿಯನ್ನು ಜಾಗದಿಂದಲೇ ಎಬ್ಬಿಸುವ ಹಿಡಿತ ಕಂಪನಿಗೆ ಸಿಕ್ಕಿತು.

1961ರ ಮಾರಾಟ. 27 ಲಕ್ಷ ಡಾಲರ್ ಅಂದರೆ ತೆರಿಗೆ ಕಳೆದು ಒಬ್ಬೊಬ್ಬರಿಗೆ 10 ಲಕ್ಷ. 1960ರಲ್ಲಿ ಇಡೀ ಸರಣಿಯ ಮಾರಾಟ ಸುಮಾರು 3.7 ಕೋಟಿ ಡಾಲರ್. ಅದರ ಶೇ. 0.5 ಅಂದರೆ 1.85 ಲಕ್ಷ. ಅಂದರೆ ಹದಿನಾಲ್ಕೂವರೆ ವರ್ಷದ ರಾಯಲ್ಟಿ (ಮಾರಾಟದಲ್ಲಿ ಸಿಗುವ ಆ ಪಾಲು) ಒಂದೇ ಸಲ ಕೈಗೆ ಬಂತು. ಅಂದಿನ ಲೆಕ್ಕಕ್ಕೆ ಅದು ಕೆಟ್ಟ ಬೆಲೆ ಅಲ್ಲವೇ ಅಲ್ಲ. ಮುಂದೆ ಅಂಗಡಿಗಳು ಸಾವಿರಗಟ್ಟಲೆ ಆದವು ಅನ್ನುವುದು ಅಂದು ಯಾರ ಕೈಯಲ್ಲೂ ಇದ್ದ ಅಂಕಿಯಲ್ಲ. ಕ್ರಾಕ್‌ಗೂ ಅದು ಅಗ್ಗವಾಗಿ ಬೀಳಲಿಲ್ಲ. ಸಾಲ ಕೊಟ್ಟ ಹೂಡಿಕೆದಾರರಿಗೆ ಬಡ್ಡಿಯ ಜೊತೆ ಮಾರಾಟದ ಪಾಲೂ ಹೋಗಿ, ಕ್ರಾಕ್ ಅವರದೇ ಲೆಕ್ಕದಲ್ಲಿ ಒಟ್ಟು ಸುಮಾರು 1.4 ಕೋಟಿ ಡಾಲರ್ ಆಯಿತು. “ಮೋಸ ಹೋದರು” ತೆಗೆಯಿರಿ. “ರಾಯಲ್ಟಿ ಹಕ್ಕು ಬಿಟ್ಟು ಒಂದೇ ಗಂಟು ಪಡೆದರು” ಅಂತ ಬರೆಯಿರಿ.

ಹಳೇ ಫೈಲು:

ಒಂದೇ ಸೇರ್ಪಡೆ. ಕೈಕುಲುಕಿ ಒಪ್ಪಿದ ರಾಯಲ್ಟಿಯನ್ನು ಕ್ರಾಕ್ ಆಮೇಲೆ ಕೊಡಲಿಲ್ಲ ಅನ್ನುವ ಮಾತು ಎಲ್ಲೆಡೆ ಓಡಾಡುತ್ತದೆ. ಅದನ್ನು ತೋರಿಸುವ ಲಿಖಿತ ಕರಾರು ಹೊರಬಂದಿಲ್ಲ, ಆದ್ದರಿಂದ ಮಕ್ಕಳ ಪುಸ್ತಕದಲ್ಲಿ ಸಂಗತಿ ಅಂತ ಹಾಕಬೇಡಿ. ಖಚಿತವಾಗಿರುವ ಕಹಿ ಬೇರೆ ಇದೆ: ಸ್ಯಾನ್ ಬರ್ನಾರ್ಡಿನೊದ ಮೂಲ ಅಂಗಡಿ ಮಾರಾಟದಲ್ಲಿ ಸೇರಿರಲಿಲ್ಲ, ಹೆಸರು ಸೇರಿತ್ತು. ಆದ್ದರಿಂದ ಸಹೋದರರು ತಮ್ಮದೇ ಹೋಟೆಲಿನ ಬೋರ್ಡು ಇಳಿಸಿ “ದ ಬಿಗ್ ಎಮ್” ಅಂತ ಹಾಕಬೇಕಾಯಿತು. ಕ್ರಾಕ್ ಹತ್ತಿರದಲ್ಲೇ ಒಂದು ಮೆಕ್‌ಡೊನಾಲ್ಡ್ಸ್ ತೆರೆದರು. ಕೆಲವೇ ವರ್ಷಗಳಲ್ಲಿ ಬಿಗ್ ಎಮ್ ಮುಚ್ಚಿತು.

ಗಡ್ಡೆಗೆಣಸು:

ಫ್ರೈಸ್ ವಿಷಯ ಯಾರೂ ಎತ್ತಲಿಲ್ಲ. ಪದ್ಧತಿ ಅಂದರೆ ಬರೆದಿಟ್ಟ ಹೆಜ್ಜೆಗಳು ಮಾತ್ರ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಕರಡಿಗೆ ಸಿಗಲಾರದು.

ಡೆಸ್ ಪ್ಲೇನ್ಸ್‌ನಲ್ಲಿ ಕ್ರಾಕ್ ಕ್ಯಾಲಿಫೋರ್ನಿಯಾದ ಹೆಜ್ಜೆಗಳನ್ನೇ ಹಿಡಿದ. ಇಡಾಹೊದ ರಸೆಟ್ ಆಲೂಗಡ್ಡೆ ಸಿಪ್ಪೆ ಸುಲಿದು, ಸೀಳಿ, ತಣ್ಣೀರಿನಲ್ಲಿ ತೊಳೆದು ಪಿಷ್ಟ ತೆಗೆದು, ಕರಿದ. ಬಂದದ್ದು ರುಚಿಯಿಲ್ಲದ ಮೆತ್ತನೆ ಕಡ್ಡಿ. ಹೆಜ್ಜೆ ಒಂದೂ ತಪ್ಪಿರಲಿಲ್ಲ. ತಪ್ಪಿದ್ದು ಯಾರೂ ಹೆಜ್ಜೆ ಅಂತ ಬರೆಯದ ಒಂದು ಸಂಗತಿ: ಸಹೋದರರು ಆಲೂಗಡ್ಡೆಯನ್ನು ಹೊರಗೆ, ತಂತಿಬಲೆಯ ತೊಟ್ಟಿಯಲ್ಲಿ, ನೆರಳಿನಲ್ಲಿ ಇಡುತ್ತಿದ್ದರು. ಮರುಭೂಮಿಯ ಒಣಗಾಳಿ ಅದರ ಮೇಲೆ ಹಾಯುತ್ತಿತ್ತು. ಡೆಸ್ ಪ್ಲೇನ್ಸ್‌ನಲ್ಲಿ ಹಾಗೆ ಗಾಳಿಗೆ ಹರಡಿದ ತೊಟ್ಟಿ ಇರಲಿಲ್ಲ.

ಕಾರಣ ಹೀಗೆ. ಹೊಸದಾಗಿ ಕಿತ್ತ ಆಲೂಗಡ್ಡೆಯಲ್ಲಿ ನೀರು ಹೆಚ್ಚು. ತಂಪಿನಲ್ಲಿ, ಅಂದಾಜು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಇಟ್ಟರೆ ಪಿಷ್ಟ ಒಡೆದು ಸಕ್ಕರೆಯಾಗುತ್ತದೆ. ಸಕ್ಕರೆ ಇರುವ ತುಂಡು ಎಣ್ಣೆಗೆ ಬಿದ್ದರೆ ಒಳಗೆ ಬೇಯುವ ಮೊದಲೇ ಹೊರಗೆ ಕಂದಾಗುತ್ತದೆ. ಬಣ್ಣ ನೋಡಿ ಬೇಗ ತೆಗೆದರೆ ಒಳಗೆ ಹಸಿ, ತಡೆದರೆ ಹೊರಗೆ ಕಪ್ಪು. 15ರಿಂದ 20 ಡಿಗ್ರಿ ಬೆಚ್ಚಗಿನ ಗಾಳಿಯಲ್ಲಿ ಎರಡು ಮೂರು ವಾರ ಇಟ್ಟರೆ ಸಕ್ಕರೆ ಬಹುಪಾಲು ಇಳಿಯುತ್ತದೆ. ಕ್ರಾಕ್ ಕೊನೆಗೆ ಮಾಡಿದ್ದು ಇದನ್ನೇ: ನೆಲಮಾಳಿಗೆಯಲ್ಲಿ ಮೂಟೆಗಳಿಗೆ ದೊಡ್ಡ ವಿದ್ಯುತ್ ಫ್ಯಾನಿನ ಗಾಳಿ ಹಾಯಿಸಿದ. ಕರಾರು ಮುರಿದ ಆ ನೆಲಮಾಳಿಗೆಯೇ ಫ್ರೈಸ್ ಉಳಿಸಿದ್ದು ತಮಾಷೆ. ಕರಿಯುವುದನ್ನೂ ಎರಡು ಬಾರಿ ಮಾಡಿದರು: ಮೊದಲು ಮೂರು ನಿಮಿಷ, ಇಳಿಸಿ ಆರಿಸಿ, ಬಡಿಸುವ ಮುಂಚೆ ಇನ್ನೊಮ್ಮೆ.

ಮಕ್ಕಳು ಮಾಡಿ ನೋಡಬಹುದಾದ ಒಂದು ಪರೀಕ್ಷೆ ಸೇರಿಸಿ. 11 ಲೋಟ ನೀರಿಗೆ ಒಂದು ಲೋಟ ಉಪ್ಪು ಪೂರ್ತಿ ಕರಗಿಸಿ ಆಲೂಗಡ್ಡೆ ಬಿಡಿ. ಮುಳುಗಿದ್ದು ಪಿಷ್ಟ ಹೆಚ್ಚಿರುವ, ಕರಿಯಲು ಒಳ್ಳೆಯ ಗಡ್ಡೆ. ತೇಲಿದ್ದು ಪಲ್ಯಕ್ಕೆ. ಕಂಪನಿಯವರು ಇದೇ ತತ್ವದ ಮೇಲೆ ಘನಾಂಶ (ನೀರು ಬಿಟ್ಟು ಉಳಿದ ಭಾಗ) ಅಳೆದು ಶೇ. 21ಕ್ಕಿಂತ ಕಡಿಮೆ ಇದ್ದ ಮೂಟೆ ಬೇಡ ಅನ್ನುತ್ತಿದ್ದರು.

ಸಸ್ಯಾಹಾರಿಗಳಿಗೆ ಒಂದು ಮಾತು, ಅಮೆರಿಕದಲ್ಲಿರುವ ಕನ್ನಡಿಗರು ಆಗಾಗ ಕೇಳುವುದು. ಅಲ್ಲಿನ ಫ್ರೈಸ್ 1990ರವರೆಗೆ ಬಹುಪಾಲು ದನದ ಕೊಬ್ಬಿನಲ್ಲೇ ಕರಿದದ್ದು. ಆಮೇಲೆ ಸಸ್ಯದ ಎಣ್ಣೆ ಬಂತು, ಬೀಫ್ ಫ್ಲೇವರ್ ಮಾತ್ರ ಉಳಿಯಿತು. ಅದನ್ನು ಸರಿಯಾಗಿ ತಿಳಿಸಲಿಲ್ಲವೆಂದು ಹೂಡಿದ ದಾವೆಯಲ್ಲಿ 2002ರಲ್ಲಿ ಕಂಪನಿ 1 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. 1996ರಲ್ಲಿ ತೆರೆದ ಭಾರತದ ಅಂಗಡಿಗಳಲ್ಲಿ ಮೊದಲಿಂದಲೂ ಬೀಫ್ ಇಲ್ಲ.

ಕರಡು ತಿದ್ದುವವ:

ಬಹಳ ಉಪಕಾರವಾಯಿತು. ಬಾಡಿಗೆ ಲೆಕ್ಕವನ್ನು ಹಾಗೇ ಅಭ್ಯಾಸದ ಪ್ರಶ್ನೆ ಮಾಡಬಹುದು. ಮುಂದಿನ ಅಧ್ಯಾಯ ಜೀನ್ಸ್ ಪ್ಯಾಂಟಿನ ಕಂಪನಿ ಲೀವೈಸ್. ಅಲ್ಲೂ “ಚಿನ್ನ ಹುಡುಕುವವರಿಗೆ ಡೇರೆ ಬಟ್ಟೆಯಲ್ಲಿ ಪ್ಯಾಂಟು ಹೊಲಿದು ಕೊಟ್ಟ ಲೀವೈ ಸ್ಟ್ರಾಸ್” ಅಂತಿದೆ. ಇದೂ ಇಂಥದ್ದೇ?

ಕರಾರುಪತ್ರ:

ಇದು ಅದಕ್ಕಿಂತ ಸುಲಭ. ಸ್ಟ್ರಾಸ್ 1853ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಶುರು ಮಾಡಿದ್ದು ಬಟ್ಟೆಬರೆಯ ಸಗಟು ವ್ಯಾಪಾರ. ಅವರು ದರ್ಜಿ ಅಲ್ಲ. ನೆವಾಡಾದ ರೀನೊದಲ್ಲಿ ಜೇಕಬ್ ಡೇವಿಸ್ ಅನ್ನುವ ದರ್ಜಿ ಇದ್ದರು, ಸ್ಟ್ರಾಸ್ ಅಂಗಡಿಯಿಂದ ಬಟ್ಟೆ ತರಿಸುತ್ತಿದ್ದರು. ದುಡಿಯುವವರ ಪ್ಯಾಂಟು ಮೊದಲು ಕಿತ್ತುಬರುವುದು ಜೇಬಿನ ಮೂಲೆಯಲ್ಲಿ. ಹೊಲಿಗೆಯ ಕೊನೆಗೆ ಎಳೆತ ಪೂರಾ ಬೀಳುವುದು ಅಲ್ಲಿ. ಡೇವಿಸ್ ಆ ಮೂಲೆಗಳಿಗೆ ತಾಮ್ರದ ರಿವೆಟ್ (ಬಟ್ಟೆಯನ್ನು ಬಿಗಿಹಿಡಿಯುವ ಗಿಡ್ಡ ಮೊಳೆ) ಬಡಿದರು. ಪೇಟೆಂಟ್ ಅರ್ಜಿಗೆ ಬೇಕಾದ 68 ಡಾಲರ್ ಅವರ ಬಳಿ ಇರಲಿಲ್ಲ, ಖರ್ಚು ನೀವು ಹಾಕಿ, ಹಕ್ಕು ಇಬ್ಬರಿಗೂ ಇರಲಿ ಅಂತ ಸ್ಟ್ರಾಸ್‌ಗೆ ಬರೆದರು. ಪೇಟೆಂಟ್ ಸಂಖ್ಯೆ 1,39,121, ದಿನಾಂಕ 20 ಮೇ 1873. ಡೇವಿಸ್ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗಿ ತಯಾರಿಕೆಯ ಉಸ್ತುವಾರಿ ವಹಿಸಿದರು.

ಎರಡು ಅಧ್ಯಾಯಗಳನ್ನು ಜೋಡಿಸುವ ಕೊಂಡಿ ಇದು: ಡೇವಿಸ್‌ಗೆ ಕಾನೂನು ಕಾಯುವ ಪೇಟೆಂಟ್ ಇತ್ತು, ಅದಕ್ಕೂ 1890ರವರೆಗೆ ಮಾತ್ರ ಆಯುಷ್ಯ. ಮೆಕ್‌ಡೊನಾಲ್ಡ್ ಸಹೋದರರ ಅಡುಗೆಮನೆ ಕಿಟಕಿಯ ಆಚೆ ನಿಂತವರಿಗೆಲ್ಲ ಕಾಣುತ್ತಿತ್ತು; ನೋಡಿ ನಕಲು ಮಾಡಿದವರು ಬೇಕಾದಷ್ಟು ಜನ. ಅವರಿಗೆ ನಿಜವಾಗಿ ಮಾರಲು ಉಳಿದದ್ದು ಹೆಸರು, ಅದನ್ನೇ ಕ್ರಾಕ್ ಕೊಂಡದ್ದು.

ಡೇರೆ ಬಟ್ಟೆಯ ಕಥೆ ಬಿಡಿ. ಕಂಪನಿಯ ಹಳೆಯ ದಾಖಲೆಗಳು 1906ರ ಭೂಕಂಪ, ಬೆಂಕಿಯಲ್ಲಿ ಹೋದವು, ಆ ಖಾಲಿ ಜಾಗದಲ್ಲಿ ಇಂಥ ಕಥೆಗಳು ಬೆಳೆದವು.

ಒಲೆ ಮುಂದೆ:

ಕರಡಿಗೆ ವಾಕ್ಯ ಬೇಕಿದ್ದರೆ ಹೀಗೆ ಹಾಕಬಹುದು: “ಮಾರಿಸ್ ಮತ್ತು ರಿಚರ್ಡ್ ಮೆಕ್‌ಡೊನಾಲ್ಡ್ 1940ರಲ್ಲಿ ಸ್ಯಾನ್ ಬರ್ನಾರ್ಡಿನೊದಲ್ಲಿ ಹೋಟೆಲ್ ತೆರೆದು, 1948ರಲ್ಲಿ ಅದನ್ನು ಕ್ಷಿಪ್ರ ಸೇವೆಗೆ ಬದಲಿಸಿದರು, ಇಂದಿನ ಕಂಪನಿಯನ್ನು ರೇ ಕ್ರಾಕ್ 1955ರಲ್ಲಿ ಸ್ಥಾಪಿಸಿ, 1961ರಲ್ಲಿ ಸಹೋದರರ ಹಕ್ಕುಗಳನ್ನು ಕೊಂಡರು.” ಸ್ಥಾಪಕರು ಅನ್ನುವ ಕಾಲಂ ಇದ್ದರೆ ಮೂವರ ಹೆಸರೂ ಬರಲಿ.

ಫೋಟೊ ಹಾಕುವಾಗ ಜೋಕೆ. ಡೆಸ್ ಪ್ಲೇನ್ಸ್‌ನ ಮೂಲ ಕಟ್ಟಡವನ್ನು 1980ರ ದಶಕದಲ್ಲೇ ಕೆಡವಿದರು. ಅಂತರ್ಜಾಲದಲ್ಲಿ ಸಿಗುವ ಬಣ್ಣದ ಚಿತ್ರಗಳು ಆ ಜಾಗದಲ್ಲಿ ಆಮೇಲೆ ಕಟ್ಟಿದ ಪ್ರತಿಕೃತಿಯವು, ಅದೂ ಈಗಿಲ್ಲ. ಸಹೋದರರ ಕಾಲದ, ಇಂದಿಗೂ ವ್ಯಾಪಾರ ಮಾಡುತ್ತಿರುವ ಕಟ್ಟಡ ಬೇಕಾದರೆ ಕ್ಯಾಲಿಫೋರ್ನಿಯಾದ ಡೌನಿಯಲ್ಲಿ 1953ರಲ್ಲಿ ತೆರೆದ ಅಂಗಡಿಯ ಚಿತ್ರ ಹುಡುಕಿ. ಕಮಾನುಗಳು ಕಟ್ಟಡದ ಎರಡೂ ಬದಿ ಚಾವಣಿ ಸೀಳಿಕೊಂಡು ಎದ್ದು ನಿಂತಿರುವುದು ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.